ರಾತ್ರಿ ಹನ್ನೊಂದರ ಹಸಿವು

ಹೊನ್ನಾವರದ ಒಂದು ಮನೆಯ ಜಗಲಿಯಲ್ಲಿ ಮಾತಿಗೆ ಕುಳಿತವರು ಮೂವರು. ಮನೆಯೊಡತಿ, ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಅಕ್ಕೋರು. ಎದುರಿಗೆ ಕುಮಟಾದಿಂದ ಬಂದ ಬಿ.ಎಸ್ಸಿ. ಅಂತಿಮ ವರ್ಷದ ಹುಡುಗಿ. ಅವಳ ಪಕ್ಕ ಭಟ್ಕಳದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಪಿಯುಸಿಯಲ್ಲಿ ಸಹಪಾಠಿಗಳಾಗಿದ್ದ ಇಬ್ಬರೂ ಈಗ ಸೇರಿ ಒಂದು ಸಮೀಕ್ಷೆಗೆ ಹೊರಟಿದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾಗಳ ಕಾಲೇಜು ವಿದ್ಯಾರ್ಥಿಗಳು ಏನು ತಿನ್ನುತ್ತಾರೆ, ದಿನ ಹೇಗೆ ಕಳೆಯುತ್ತಾರೆ, ಅದಕ್ಕೂ ಅವರ ನಿದ್ದೆಗೂ ಏನು ಸಂಬಂಧ ಎಂದು ಕೇಳಬೇಕು. ಪ್ರಶ್ನಾವಳಿಯ ಕರಡು ತಿದ್ದಿಸಿಕೊಳ್ಳಲು ಬಂದಿದ್ದಾರೆ.

ಅಕ್ಕೋರು ಕನ್ನಡಕ ಏರಿಸಿ ಮೊದಲ ಪುಟ ಓದಿದರು. ಅಲ್ಲೇ ನಿಂತರು.

“‘ವಾರಕ್ಕೆ ಎಷ್ಟು ಸಲ ಪಿಜ್ಜಾ, ಬರ್ಗರ್, ಪಾಸ್ತಾ ತಿನ್ನುತ್ತೀರಿ?’ ತಂಗೀ, ಇದನ್ನ ಯಾರಿಗೆ ಕೊಡ್ತೀರಿ?”

“ನಮ್ಮಲ್ಲಿ ಬಾಳಿಗಾ ಕಾಲೇಜು, ಇಲ್ಲಿ ಎಸ್‌ಡಿಎಂ, ಭಟ್ಕಳದಲ್ಲಿ ಅಂಜುಮನ್. ಇನ್ನೂ ಅನುಮತಿ ಕೇಳಬೇಕು ಅಕ್ಕೋರೆ.”

“ಹಾಗಾದ್ರೆ ಅಲ್ಲಿಯ ಮಕ್ಕಳು ತಿನ್ನೋದನ್ನ ಕೇಳಿ. ಬನ್ಸ್, ಗೋಬಿ ಮಂಚೂರಿ, ಎಗ್ ರೈಸ್, ಪರೋಟ, ಶಾವರ್ಮಾ, ಬಿರಿಯಾನಿ, ಬೇಕರಿಯ ಪಪ್ಸ್. ಮನೆಯಲ್ಲಾದ್ರೆ ಕುಚ್ಚಲಕ್ಕಿ ಅನ್ನ, ಮೀನುಸಾರು, ಗಂಜಿ, ತಂಬುಳಿ. ಪಟ್ಟಿಯಲ್ಲಿ ಇಲ್ಲದ್ದನ್ನ ಯಾರೂ ತಾವಾಗಿ ಬರೆಯೋದಿಲ್ಲ. ಬರ್ಗರ್ ತಿನ್ನೋದಿಲ್ಲ ಅಂತ ಎಲ್ಲರೂ ಗುರುತು ಹಾಕ್ತಾರೆ, ನೀವು ಇಲ್ಲಿಯವರ ಊಟ ಬಹಳ ಚೆನ್ನಾಗಿದೆ ಅಂತ ವರದಿ ಬರೀತೀರಿ.”

ಹುಡುಗ ಪೆನ್ನು ತೆಗೆದು ಆ ಸಾಲು ಹೊಡೆದ.

ನಿದ್ದೆಯ ಭಾಗ ಮಾತ್ರ ಇವರ ಸ್ವಂತದ್ದಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡೇನಿಯಲ್ ಬೈಸಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ನಿದ್ರಾ ಗುಣಮಟ್ಟ ಸೂಚ್ಯಂಕವನ್ನು ಹಾಗೇ ತಂದುಕೊಂಡಿದ್ದರು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ನಿದ್ದೆ ಅಳೆಯುವುದು ಇದರಿಂದಲೇ. 19 ಪ್ರಶ್ನೆ, 7 ವಿಭಾಗ, ಒಟ್ಟು 21 ಅಂಕ. ಇಲ್ಲಿ ಅಂಕ ಏರಿದಷ್ಟೂ ನಿದ್ದೆ ಕೆಟ್ಟಿದೆ ಎಂದು ಅರ್ಥ. 5 ದಾಟಿದರೆ ಕಳಪೆ ನಿದ್ದೆಯ ಗುಂಪು. ಅಮೆರಿಕದಲ್ಲಿ 1,125 ವಿದ್ಯಾರ್ಥಿಗಳಿಗೆ ಇದನ್ನು ಕೊಟ್ಟು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಈ ಗುಂಪಿಗೆ ಬಿದ್ದಿದ್ದರು.

“ಇದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ” ಎಂದರು ಅಕ್ಕೋರು. “ಎಷ್ಟು ಗಂಟೆ ಮಲಗಿದೆ ಅಂತಷ್ಟೇ ಕೇಳಿ ಬಿಡೋದಿಲ್ಲ. ಹನ್ನೊಂದೂವರೆಗೆ ಚಾಪೆ ಹಾಸಿ ಬೆಳಿಗ್ಗೆ ಆರೂವರೆಗೆ ಎದ್ದರೆ ಏಳು ಗಂಟೆ ಆಯ್ತಲ್ಲ, ಆದರೆ ನಿಜವಾಗಿ ನಿದ್ದೆ ಬಂದದ್ದು ಐದು ಗಂಟೆ ಅನ್ನಿ. ಅಂದ್ರೆ ಮಲಗಿದ ಹೊತ್ತಿನಲ್ಲಿ ಶೇಕಡಾ 71ರಷ್ಟೇ ನಿದ್ದೆ. 85 ಇದ್ರೆ ಅಡ್ಡಿಲ್ಲ ಅಂತ ಲೆಕ್ಕ. ಉಳಿದ ಎರಡು ಗಂಟೆ ಎಲ್ಲಿ ಹೋಯ್ತು? ನಿಮ್ಮ ಊಟದ ಪ್ರಶ್ನೆಗಳು ಆ ಎರಡು ಗಂಟೆಯನ್ನ ಹುಡುಕಬೇಕು.”

“ಮೊಬೈಲಿಗೆ ಹೋಯ್ತು ಮೇಡಂ” ಎಂದ ಹುಡುಗ, ಯೋಚಿಸದೆ.

“ಸ್ವಲ್ಪ ಹೋಗಿರಬಹುದು. ಅದೊಂದೇ ಅಂತ ಎಲ್ಲರೂ ಹೇಳ್ತಾರೆ, ಅದಕ್ಕೇ ಬೇರೆ ಏನನ್ನೂ ಯಾರೂ ನೋಡೋದಿಲ್ಲ.”

ಪರದೆಯ ಬೆಳಕಿನ ವಿಷಯವನ್ನು ಅವರು ಹೆಚ್ಚು ಬೆಳೆಸಲಿಲ್ಲ. ಮಲಗುವ ಮುನ್ನ ನಾಲ್ಕು ಗಂಟೆ ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ, ಮುದ್ರಿತ ಪುಸ್ತಕ ಓದಿದವರಿಗಿಂತ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಬೇಕಾಯಿತು ಎಂದು ಹಾರ್ವರ್ಡ್ ಸಂಶೋಧಕರು ತೋರಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಮೊಬೈಲ್‌ನಂಥ ತಂತ್ರಜ್ಞಾನದ ಬಳಕೆಯ ಸಮಸ್ಯೆಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆದಿದೆ. ಇವೆರಡನ್ನು ಹೇಳಿ ಅವರು ಪುಟ ತಿರುಗಿಸಿದರು. ಅವರಿಗೆ ಬೇಕಿದ್ದದ್ದು ಅಡುಗೆಮನೆ.

“ನಿಮ್ಮ ಹಾಸ್ಟೆಲ್ಲಿನಲ್ಲಿ ರಾತ್ರಿ ಊಟ ಎಷ್ಟು ಹೊತ್ತಿಗೆ, ತಂಗಿ?”

“ಏಳೂವರೆಗೆ ಶುರು. ಎಂಟೂವರೆಗೆ ಅಡುಗೆಮನೆ ಬಾಗಿಲು ಹಾಕ್ತಾರೆ.”

“ಮಲಗೋದು?”

“ಹನ್ನೆರಡೂವರೆ. ಪರೀಕ್ಷೆ ಇದ್ರೆ ಎರಡು.”

“ಊಟಕ್ಕೂ ನಿದ್ದೆಗೂ ನಡುವೆ ಐದು ಗಂಟೆ. ಅಷ್ಟು ಹೊತ್ತು ಹೊಟ್ಟೆ ಸುಮ್ಮನಿರ್ತದಾ?”

ಇರುವುದಿಲ್ಲ ಎಂದು ಹುಡುಗಿ ಹೇಳಿದಳು. ಹನ್ನೊಂದಕ್ಕೆ ಹಸಿವು ಶುರು. ಟ್ರಂಕಿನಲ್ಲಿ ಚಿಪ್ಸ್ ಇರುತ್ತದೆ, ಕ್ರೀಮ್ ಬಿಸ್ಕತ್ತು ಇರುತ್ತದೆ, ಯಾರದೋ ಕೆಟಲ್‌ನಲ್ಲಿ ಮ್ಯಾಗಿ ಕುದಿಯುತ್ತದೆ. ಬಾಡಿಗೆ ರೂಮಿನಲ್ಲಿರುವ ಹುಡುಗರು ಬೈಕ್ ಹತ್ತಿ ಹೆದ್ದಾರಿ ಬದಿಯ ಹೋಟೆಲಿಗೆ ಹೋಗುತ್ತಾರೆ ಎಂದು ಹುಡುಗ ಸೇರಿಸಿದ. ಪರೋಟ, ಕಬಾಬ್, ಮೇಲೊಂದು ತಂಪು ಪಾನೀಯ. ಹಿಂದಿರುಗಿ ಹಾಸಿಗೆಗೆ ಬಿದ್ದರೆ ಎದೆಯುರಿ.

“ಈಗ ನೋಡಿ, ನಿಮ್ಮ ಕರಡಿನಲ್ಲಿ ಹದಿನಾಲ್ಕು ಕಡೆ ‘ಏನು ತಿನ್ನುತ್ತೀರಿ’ ಅಂತಿದೆ. ‘ಎಷ್ಟು ಹೊತ್ತಿಗೆ ತಿನ್ನುತ್ತೀರಿ’ ಅಂತ ಒಂದು ಕಡೆಯೂ ಇಲ್ಲ.”

ಈ ಮಾತು ಇಡೀ ಸಮೀಕ್ಷೆಯನ್ನೇ ಬೇರೆ ಮಾಡಿತು. ಏಕೆಂದರೆ ಒಂದೇ ಪದಾರ್ಥ ಹೊತ್ತು ಬದಲಾದಾಗ ಬೇರೆ ಕೆಲಸ ಮಾಡುತ್ತದೆ. ಅಕ್ಕೋರು ಉದಾಹರಣೆಗೆ ಎತ್ತಿಕೊಂಡದ್ದು ಅನ್ನವನ್ನು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹನ್ನೆರಡು ಆರೋಗ್ಯವಂತ ಗಂಡಸರಿಗೆ ಅನ್ನದ ಊಟ ಬಡಿಸಿ ನಿದ್ದೆ ಅಳೆದರು. ಬೇಗ ಜೀರ್ಣವಾಗುವ ಜಾಸ್ಮಿನ್ ಅಕ್ಕಿಯ ಅನ್ನವನ್ನು ಮಲಗುವ ನಾಲ್ಕು ಗಂಟೆ ಮೊದಲು ಉಂಡವರಿಗೆ ಸರಾಸರಿ 9 ನಿಮಿಷದಲ್ಲಿ ನಿದ್ದೆ ಹತ್ತಿತು. ನಿಧಾನವಾಗಿ ಜೀರ್ಣವಾಗುವ ಅಕ್ಕಿಯಾದಾಗ ಹದಿನೇಳೂವರೆ ನಿಮಿಷ ಬೇಕಾಯಿತು. ಅದೇ ಜಾಸ್ಮಿನ್ ಅನ್ನವನ್ನು ಮಲಗುವ ಒಂದೇ ಗಂಟೆ ಮೊದಲು ಕೊಟ್ಟಾಗ ಲಾಭ ಕರಗಿ 14 ನಿಮಿಷ ದಾಟಿತು.

“ಹಾಗಾದ್ರೆ ಅನ್ನ ಉಣ್ಣಬೇಡಿ, ಚಪಾತಿ ತಿನ್ನಿ ಅಂತಾರಲ್ಲ?”

“ಅದು ಸಕ್ಕರೆ ಕಾಯಿಲೆಯ ಮಾತು, ಬೇರೆ. ನಿದ್ದೆಯ ಮಟ್ಟಿಗೆ ರಾತ್ರಿ ಎಂಟರ ಅನ್ನ ಶತ್ರುವಲ್ಲ. ಹನ್ನೊಂದೂವರೆಯ ಕರಿದ ಪದಾರ್ಥದ ಮೇಲೆ ನನಗೆ ಅನುಮಾನ.”

ಆ ಅನುಮಾನಕ್ಕೂ ಆಧಾರವಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೇರಿ-ಪಿಯರ್ ಸೇಂಟ್-ಓಂಜ್ ಅವರ ತಂಡ 26 ಜನರನ್ನು ಪ್ರಯೋಗಾಲಯದಲ್ಲೇ ಇರಿಸಿಕೊಂಡು ನೋಡಿ, 2016ರಲ್ಲಿ ಬರೆಯಿತು. ಅಳತೆಯ ಊಟ ಮಾಡಿದ ದಿನ ಅವರಿಗೆ 17 ನಿಮಿಷದಲ್ಲಿ ನಿದ್ದೆ ಬಂತು. ಮನಸ್ಸಿಗೆ ಬಂದದ್ದು ತಿನ್ನಿ ಎಂದು ಬಿಟ್ಟ ದಿನ 29 ನಿಮಿಷ. ನಾರಿನಂಶ ಕಡಿಮೆಯಾಗಿ ಸಕ್ಕರೆ, ಜಿಡ್ಡು ಹೆಚ್ಚಾದಂತೆ ಆಳವಾದ ನಿದ್ದೆ ಕಡಿಮೆಯಾಗಿ ನಡುನಡುವೆ ಎಚ್ಚರವಾಗುವುದು ಹೆಚ್ಚಿತ್ತು. ಊಟವಾದ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವುದಂತೂ ಯಾವ ವೈದ್ಯರೂ ಹೇಳುವ ಮಾತು. ಜಿಡ್ಡಿನ ಪದಾರ್ಥ ಹೊಟ್ಟೆಯಿಂದ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಹುಡುಗಿಗೆ ತನ್ನ ಅಜ್ಜಿಯ ಮಾತು ನೆನಪಾಯಿತು. “ಅಪ್ಪೆಹುಳಿ ಕುಡಿದ್ರೆ ನಿದ್ದೆ ಬರ್ತದೆ ಅಂತಾರಲ್ಲ ಅಕ್ಕೋರೆ. ನಮ್ಮನೆಯಲ್ಲಿ ಮಧ್ಯಾಹ್ನ ಅಪ್ಪೆಹುಳಿ ಆದ ದಿನ ಎಲ್ಲರೂ ಮಲಗಿಬಿಡ್ತಾರೆ.”

“ನಾನೂ ಮಲಗ್ತೇನೆ. ಆದರೆ ಮಧ್ಯಾಹ್ನದ ಒಂದರಿಂದ ಮೂರರ ನಡುವೆ ಮೈ ಎಚ್ಚರ ತಾನಾಗಿಯೇ ಇಳಿಯೋ ಹೊತ್ತು ಒಂದಿದೆ. ಊಟ ಮಾಡದೇ ಇದ್ದವರಿಗೂ ಅದು ಬರ್ತದೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಅದರ ಮೇಲೆ ಬಾಳೆಲೆ ತುಂಬ ಅನ್ನ, ಹೊರಗೆ ಬಿಸಿಲು. ಪೂರ್ತಿ ಶ್ರೇಯಸ್ಸು ಅಪ್ಪೆಹುಳಿಯ ಮಾವಿನಕಾಯಿಗೆ ಕೊಡೋದು ಕಷ್ಟ. ರಾತ್ರಿಯ ಹಾಲು, ಬಾಳೆಹಣ್ಣಿನ ಕತೆಯೂ ಹೀಗೇ. ನಿದ್ದೆಗೆ ಬೇಕಾದ ಟ್ರಿಪ್ಟೊಫಾನ್ ಹಾಲಲ್ಲಿ ಇದೆ ನಿಜ, ಒಂದು ಲೋಟದಲ್ಲಿ ಇರೋದು ನಿದ್ದೆ ಬರಿಸುವಷ್ಟಲ್ಲ. ಹಸಿವು ಅಡಗಿಸ್ತದೆ, ಅದು ಸಾಕಷ್ಟು ದೊಡ್ಡ ಉಪಕಾರ.”

ಅಷ್ಟರಲ್ಲಿ ಆಸರಿ ಬಂತು. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕುದಿಸಿದ ಕಷಾಯ. ಗಂಟೆ ಐದೂವರೆ. ಹುಡುಗ ಲೋಟ ತೆಗೆದುಕೊಂಡು, ಸಂಜೆ ತನಗೆ ಚಾ ಇಲ್ಲದೆ ಆಗುವುದಿಲ್ಲ ಎಂದ. ಕಾಲೇಜಿನಿಂದ ಬಂದು ಆರೂವರೆತನಕ ಮಲಗುವುದು, ಎದ್ದು ಚಾ ಕುಡಿಯುವುದು, ಒಂಬತ್ತರ ಮೇಲೆ ಇನ್ನೊಂದು. ಓದು ಹತ್ತುವುದು ಆಮೇಲೆಯೇ.

“ತಮ್ಮಾ, ಈಗ ನೀನು ಹೇಳಿದ್ರಲ್ಲಿ ಎರಡು ಸಂಗತಿ ಇದೆ, ಎರಡನ್ನೂ ಫಾರ್ಮಿಗೆ ಹಾಕು. ಒಂದು, ಸಂಜೆ ನಿದ್ದೆ. ಎದ್ದಿದ್ದಷ್ಟು ಹೊತ್ತೂ ಮಿದುಳಲ್ಲಿ ಅಡಿನೊಸಿನ್ ಅನ್ನೋ ವಸ್ತು ಸೇರ್ತಾ ಹೋಗ್ತದೆ. ಅದು ಸೇರಿದಷ್ಟೂ ನಿದ್ದೆ ಎಳೀತದೆ. ಸಂಜೆ ಎರಡು ಗಂಟೆ ಮಲಗಿ ಅದನ್ನ ಖಾಲಿ ಮಾಡಿಕೊಂಡವನಿಗೆ ಹನ್ನೊಂದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಮಧ್ಯಾಹ್ನ ಇಪ್ಪತ್ತು ನಿಮಿಷ ಆದ್ರೆ ಅಡ್ಡಿಲ್ಲ.”

“ಇನ್ನೊಂದು ಚಾ?”

“ಹೌದು. ಅಡಿನೊಸಿನ್ ಬಂದು ಕೂರಬೇಕಾದ ಜಾಗದಲ್ಲಿ ಕೆಫೀನ್ ಬಂದು ಕೂರ್ತದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ, ಹಾಗೆ. ಅಡಿನೊಸಿನ್ ಬಂದು ನಿಂತೇ ಇರ್ತದೆ, ಕೂರೋಕೆ ಜಾಗ ಇಲ್ಲ. ನಿನಗೆ ದಣಿವು ಇದೆ, ಗೊತ್ತಾಗೋದಿಲ್ಲ.”

ಆಮೇಲೆ ಅವರು ಪ್ರಶ್ನಾವಳಿಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಲ್ಲಿ ಒಂದೊಂದು ಥರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಒಂಬತ್ತೂವರೆಗೆ ಕುಡಿದ ಗಟ್ಟಿ ಚಾದ ಕೆಫೀನ್‌ನಲ್ಲಿ ಅರ್ಧ, ರಾತ್ರಿ ಎರಡೂವರೆಗೂ ಒಳಗೇ ಇರುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2013ರಲ್ಲಿ ನಡೆದ ಪ್ರಯೋಗದಲ್ಲಿ 400 ಮಿಲಿಗ್ರಾಂ ಕೆಫೀನನ್ನು ಮಲಗುವ ಆರು ಗಂಟೆ ಮೊದಲು ಕೊಟ್ಟಾಗಲೂ ಒಂದು ಗಂಟೆಗೂ ಹೆಚ್ಚು ನಿದ್ದೆ ಕಡಿಮೆಯಾಗಿತ್ತು.

“ನಮ್ಮ ಕ್ಲಾಸಿನವರು ಈಗ ಚಾಕ್ಕಿಂತ ಆ ಇಪ್ಪತ್ತು ರೂಪಾಯಿಯ ಕೆಂಪು ಬಾಟಲಿ ಹಿಡಿದಿದ್ದಾರೆ ಮೇಡಂ. ಪರೀಕ್ಷೆಯ ವಾರ ಪೆಟ್ಟಿ ಪೆಟ್ಟಿ ಖಾಲಿ.”

“ಎನರ್ಜಿ ಡ್ರಿಂಕ್ ಅಲ್ವಾ? ಕಾನೂನು ಒಂದು ಲೀಟರಿಗೆ 145ರಿಂದ 300 ಮಿಲಿಗ್ರಾಂ ತನಕ ಕೆಫೀನ್ ಇರಬಹುದು ಅಂತದೆ. ಕಾಲು ಲೀಟರಿನ ಬಾಟಲಿಯಲ್ಲಿ ಹೆಚ್ಚೆಂದ್ರೆ 75. ಒಂದು ಬಾಟಲಿ ಅಂದ್ರೆ ಒಂದು ಕಾಫಿ, ಜೊತೆಗೆ ಸಕ್ಕರೆ. ಕಾಫಿ ಬಿಸಿ ಇರ್ತದೆ, ನಿಧಾನ ಕುಡೀತೀರಿ. ಇದು ತಣ್ಣಗಿದೆ, ಸಿಹಿ ಇದೆ, ಎರಡೇ ಗುಟುಕಿಗೆ ಮುಗೀತದೆ, ಇನ್ನೊಂದು ತೆಗೀತೀರಿ. ಮಕ್ಕಳಿಗೆ, ಬಸುರಿಯರಿಗೆ ಇದು ಸಲ್ಲದು ಅಂತ ಅದರ ಮೇಲೇ ಬರೆದಿರ್ತದೆ, ಓದಿದವರು ಯಾರು? ಫಾರ್ಮಿನಲ್ಲಿ ಬರೀ ‘ಚಹಾ ಕಾಫಿ’ ಅಂತ ಕೇಳಿದ್ರೆ ಇದು ತಪ್ಪಿಹೋಗ್ತದೆ.”

ಚಾದ ಇನ್ನೊಂದು ಮುಖವನ್ನು ಅವರು ಹುಡುಗಿಯ ಕಡೆ ತಿರುಗಿ ಹೇಳಿದರು. ಆಗ ಅವರ ದನಿಯಲ್ಲಿದ್ದ ಕಾಳಜಿ ಬೇರೆಯೇ.

“ರಾತ್ರಿ ಮಲಗಿದ ಮೇಲೆ ಕಾಲೊಳಗೆ ಏನೋ ಹರಿದಾಡಿದ ಹಾಗೆ ಆಗ್ತದೆ, ಕಾಲು ಆಡಿಸದೆ ಇರೋಕೇ ಆಗೋದಿಲ್ಲ ಅಂತ ನಿನ್ನ ಗೆಳತಿಯರಲ್ಲಿ ಯಾರಾದ್ರೂ ಹೇಳ್ತಾರಾ?”

“ಹೇಳ್ತಾರೆ. ನಡೆದು ನಡೆದು ಕಾಲುನೋವು ಅಂದ್ಕೊಂಡಿದ್ದೆವು.”

“ಎಲ್ಲಾ ಕಾಲುನೋವೂ ನಡೆದದ್ದರಿಂದಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಕಡಿಮೆಯಾಗಿ ಮತ್ತೆ ಮಲಗಿದ್ರೆ ಬರ್ತದೆ ಅಂದ್ರೆ, ಕಬ್ಬಿಣದ ಅಂಶ ಕಡಿಮೆ ಇರಬಹುದು. ಅಂಥವರು ಹಿಮೋಗ್ಲೋಬಿನ್, ಫೆರಿಟಿನ್ ಎರಡೂ ನೋಡಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019–21ರದ್ದು, ಅದರಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಜನಕ್ಕೆ ರಕ್ತಹೀನತೆ. ನಿಮ್ಮ ಹಾಸ್ಟೆಲ್ಲೂ ಈ ರಾಜ್ಯದಲ್ಲೇ ಇದೆ.”

ಬೆಳಿಗ್ಗೆ ಅವಲಕ್ಕಿಯ ಜೊತೆ ಚಾ, ಊಟವಾದ ತಕ್ಷಣ ಚಾ. ಚಾದಲ್ಲಿರುವ ಟ್ಯಾನಿನ್, ಸೊಪ್ಪು ಕಾಳುಗಳ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ಹಿಡಿದಿಡುತ್ತದೆ. ಊಟದ ಹಿಂದೆ ಮುಂದೆ ಒಂದು ಗಂಟೆ ಚಾ ಕಾಫಿ ಬೇಡ ಎಂದು ಅದೇ 2024ರ ಮಾರ್ಗಸೂಚಿ ಹೇಳುತ್ತದೆ. ಮೈಗೆ ಕಬ್ಬಿಣ ಸಿಗುವ ಪದಾರ್ಥಕ್ಕೆ ಈ ಕರಾವಳಿಯಲ್ಲಿ ಬರವಿಲ್ಲ. ಹರಿವೆ ಇದೆ, ಬಸಳೆ ಇದೆ, ಬಸಳೆಗೆ ಶೆಟ್ಲಿ (ಸಿಗಡಿ) ಹಾಕುವ ಮನೆಗಳಿವೆ. ಅಘನಾಶಿನಿ ಅಳಿವೆಯ ಬಳಚು ಎಂಬ ಚಿಪ್ಪುಮೀನು ಇದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ ನೀರಿಗಿಳಿದು ಬಳಚು ಆರಿಸುವ ಹೆಂಗಸರ ಮಕ್ಕಳೇ ಕುಮಟಾದ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಹಾಸ್ಟೆಲ್ ಸೇರಿದ ಮೇಲೆ ಅವರ ತಟ್ಟೆಗೆ ಬರುವುದು ಬಟಾಟೆ ಪಲ್ಯ ಮತ್ತು ತಿಳಿಸಾರು. ನಿದ್ದೆಗೆಟ್ಟ ಹುಡುಗಿಯ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಯಾರಾದರೂ ಅವಳ ರಕ್ತ ಪರೀಕ್ಷೆ ಮಾಡಿಸಬೇಕು.

ಹುಡುಗ ಈಗ ಹುರುಪಿನಲ್ಲಿದ್ದ. “ಅಂದ್ರೆ ನಮ್ಮ ತೀರ್ಮಾನ ಬರೆದುಬಿಡಬಹುದು ಮೇಡಂ. ಕೆಟ್ಟ ಊಟದಿಂದ ಕೆಟ್ಟ ನಿದ್ದೆ.”

“ಬರೀಬೇಡ. ನಿಮ್ಮ ಫಾರ್ಮಿನಿಂದ ಅದು ಗೊತ್ತಾಗೋದೇ ಇಲ್ಲ.”

“ಯಾಕೆ?”

“ಷಿಕಾಗೊದಲ್ಲಿ 2004ರಲ್ಲಿ ಹನ್ನೆರಡು ಯುವಕರನ್ನ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದ್ರು. ಹೊಟ್ಟೆ ತುಂಬಿತು ಅಂತ ಹೇಳೋ ಲೆಪ್ಟಿನ್ ಹಾರ್ಮೋನು ಶೇಕಡಾ 18 ಇಳೀತು, ಹಸಿವು ಹುಟ್ಟಿಸೋ ಗ್ರೆಲಿನ್ 28 ಏರಿತು. ಸಿಹಿ, ಉಪ್ಪು, ಪಿಷ್ಟದ ತಿನಿಸುಗಳ ಮೇಲೆ ಆಸೆ ಹೆಚ್ಚಾಯ್ತು. ಈಗ ಹೇಳು, ಶಾವರ್ಮಾ ತಿಂದು ನಿದ್ದೆ ಕೆಟ್ಟಿತೋ, ನಿದ್ದೆಗೆಟ್ಟವ ಶಾವರ್ಮಾ ಹುಡುಕಿ ಹೋದನೋ? ಒಂದು ದಿನ ಒಂದು ಫಾರ್ಮ್ ತುಂಬಿಸಿಕೊಂಡ್ರೆ ಎರಡು ಒಟ್ಟಿಗೇ ಇವೆ ಅಂತ ಗೊತ್ತಾಗ್ತದೆ. ಯಾವುದು ಮೊದಲು ಅಂತ ಗೊತ್ತಾಗೋದಿಲ್ಲ. ‘ಸಂಬಂಧ ಕಂಡುಬಂದಿದೆ’ ಅಂತಷ್ಟೇ ಬರೀರಿ. ಕೆಲವರಿಂದಾದ್ರೂ ಎರಡು ವಾರ ದಿನಚರಿ ಬರೆಸಿ. ಆಗ ಸ್ವಲ್ಪ ಮುಂದೆ ಹೋಗಬಹುದು.”

ಯಾವ ತಿಂಗಳು ಫಾರ್ಮ್ ಹಂಚುವುದು ಎಂಬ ಪ್ರಶ್ನೆ ಸುಲಭದ್ದೆಂದು ಹುಡುಗಿ ತಿಳಿದಿದ್ದಳು. ಸೂಚ್ಯಂಕ ಕೇಳುವುದು ಕಳೆದ ಒಂದು ತಿಂಗಳ ನಿದ್ದೆಯನ್ನು. ಆ ತಿಂಗಳು ಯಾವುದು ಎನ್ನುವುದರ ಮೇಲೆ ಉತ್ತರ ನಿಂತಿದೆ ಎಂದು ತೋರಿಸಿದವನು ಭಟ್ಕಳದ ಹುಡುಗ. ರಂಜಾನ್‌ನಲ್ಲಿ ಬೆಳಗಿನ ಜಾವ ಸಹರಿಗೆ ಏಳಬೇಕು, ರಾತ್ರಿ ತರಾವೀಹ್ ನಮಾಜಿದೆ, ಕೊನೆಯ ದಿನಗಳಲ್ಲಿ ಪೇಟೆಯ ರಂಜಾನ್ ಮಾರುಕಟ್ಟೆ ನಡುರಾತ್ರಿ ದಾಟಿದರೂ ಗಿಜಿಗುಡುತ್ತದೆ. ನಿದ್ದೆ ಎರಡು ಮೂರು ತುಂಡಾಗುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ ಆ ತಿಂಗಳು ರಾತ್ರಿಯ ನಿದ್ದೆ ಒಂದು ಗಂಟೆಯ ಹತ್ತಿರ ಕಡಿಮೆಯಾಗುತ್ತದೆ ಎಂದಿದ್ದಾರೆ. ಚಾಂದ್ರಮಾನದ ಈ ತಿಂಗಳು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಒಂದು ವರ್ಷ ಪರೀಕ್ಷೆಗೆ ಸಿಗುತ್ತದೆ, ಇನ್ನೊಂದು ವರ್ಷ ಸಿಗುವುದಿಲ್ಲ.

“ಅದು ಇಬಾದತ್ತಿನ ತಿಂಗಳು, ಅದನ್ನ ಕೆಟ್ಟ ಜೀವನಶೈಲಿ ಅಂತ ಅಂಕ ಹಾಕೋದು ಸರಿಯಲ್ಲ” ಎಂದ ಹುಡುಗ.

“ಖಂಡಿತ ಅಲ್ಲ. ಆ ತಿಂಗಳನ್ನ ಬಿಟ್ಟು ಮಾಡಿ, ಇಲ್ಲಾಂದ್ರೆ ಅದನ್ನೇ ಬೇರೆ ಅಧ್ಯಯನ ಮಾಡಿ. ಹಾಗೇ ಯಕ್ಷಗಾನದ ತಿರುಗಾಟದ ದಿನಗಳು. ಗುಂಡಬಾಳೆಯ ಹರಕೆಯಾಟಕ್ಕೆ ಹೋಗಿ ಬೆಳಗಾಗಿ ಬಂದವನೂ ನಿಮ್ಮ ಫಾರ್ಮ್ ತುಂಬ್ತಾನೆ.”

ಭಟ್ಕಳಕ್ಕೆ ಇನ್ನೊಂದು ಗಡಿಯಾರವೂ ಇದೆ. ಎಷ್ಟೋ ಮನೆಗಳ ತಂದೆ, ಅಣ್ಣಂದಿರು ಇರುವುದು ದುಬೈಯಲ್ಲಿ. ಅಲ್ಲಿಯ ಸಮಯ ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ, ಉಂಡು, ಹತ್ತಕ್ಕೆ ವಿಡಿಯೊ ಕರೆ ಮಾಡಿದರೆ ಇಲ್ಲಿ ಹನ್ನೊಂದೂವರೆ. ಆ ಕರೆಗಾಗಿ ಮನೆಯ ದೀಪ ಆರುವುದಿಲ್ಲ. ಇದನ್ನೂ ‘ಪರದೆಯ ಮುಂದೆ ಕಳೆಯುವ ಸಮಯ’ ಎಂಬ ಒಂದೇ ಖಾನೆಗೆ ತುಂಬಿದರೆ ಅನ್ಯಾಯ ಎಂದು ಹುಡುಗಿಯೇ ಹೇಳಿದಳು.

ದುಬೈ ಮಾತಿಗೆ ಬಂದದ್ದರಿಂದ ಅಕ್ಕೋರಿಗೆ ಭಾನುವಾರದ ನಿದ್ದೆ ನೆನಪಾಯಿತು. ವಾರದ ದಿನ ಹನ್ನೆರಡಕ್ಕೆ ಮಲಗಿ ಆರಕ್ಕೆ ಏಳುವವನ ನಿದ್ದೆಯ ನಡುಬಿಂದು ಬೆಳಗಿನ ಜಾವ ಮೂರು. ಶನಿವಾರ ರಾತ್ರಿ ಎರಡಕ್ಕೆ ಮಲಗಿ ಭಾನುವಾರ ಹತ್ತಕ್ಕೆ ಎದ್ದರೆ ನಡುಬಿಂದು ಆರು. ಮೂರು ಗಂಟೆ ಸರಿಯಿತು, ದುಬೈಯ ವ್ಯತ್ಯಾಸಕ್ಕೆ ಎರಡರಷ್ಟು. ಸೋಮವಾರ ಮೈ ಅಷ್ಟು ದೂರದಿಂದ ಮರಳಿ ಬರಬೇಕು.

“ಆದರೆ ತಡವಾಗಿ ನಿದ್ದೆ ಬರೋದು ಪೂರ್ತಿ ನಿಮ್ಮ ತಪ್ಪಲ್ಲ” ಎಂದರು. “ಜರ್ಮನಿಯ ಟಿಲ್ ರೋನೆಬರ್ಗ್ ಸಾವಿರಾರು ಜನರ ನಿದ್ದೆಯ ಹೊತ್ತು ನೋಡಿ 2004ರಲ್ಲಿ ಬರೆದ್ರು. ಹರೆಯದಲ್ಲಿ ಮೈಯ ಗಡಿಯಾರ ಹಿಂದೆ ಬೀಳ್ತಾ ಹೋಗಿ ಇಪ್ಪತ್ತರ ಆಸುಪಾಸಿನಲ್ಲಿ ಅತ್ಯಂತ ತಡ ಆಗ್ತದೆ, ಆಮೇಲೆ ನಿಧಾನ ಮುಂದೆ ಬರ್ತದೆ. ನಿಮ್ಮ ವಯಸ್ಸು ಅದೇ. ಆ ವಯಸ್ಸಿನವರನ್ನ ಏಳರ ಬಸ್ಸಿಗೆ ಹತ್ತಿಸ್ತೇವೆ.”

“ಏಳು ಅಲ್ಲ ಅಕ್ಕೋರೆ. ಸಂತೆಗುಳಿ ಕಡೆಯಿಂದ ಬರೋ ನನ್ನ ಗೆಳತಿ ಐದಕ್ಕೆ ಏಳ್ತಾಳೆ. ಕೊಟ್ಟಿಗೆ ಕೆಲಸ, ಮನೆಯವರಿಗೆ ದೋಸೆ, ಆಮೇಲೆ ಬಸ್ಸು. ಅವಳು ತಿನ್ನೋದು ಕ್ಯಾಂಟೀನಿನಲ್ಲಿ ಹನ್ನೊಂದಕ್ಕೆ.”

“ನಮ್ಮಲ್ಲಿ ಒಬ್ಬ ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ಗೆ ಹೋಗ್ತಾನೆ” ಎಂದ ಹುಡುಗ. “ಇನ್ನೊಬ್ಬ ರಜೆ ಇದ್ದಾಗೆಲ್ಲ ನಾಲ್ಕು ಗಂಟೆಗೆ ಅಪ್ಪನ ಜೊತೆ ಬಂದರಿಗೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರ್ತದಲ್ಲ, ಆಗ ಮಾತ್ರ ಸರಿಯಾಗಿ ಮಲಗ್ತಾನಂತೆ.”

ಅಕ್ಕೋರು ಪ್ರಶ್ನಾವಳಿಯ ‘ಜೀವನಶೈಲಿ’ ಎಂಬ ಶೀರ್ಷಿಕೆಯ ಕೆಳಗೆ ಎರಡು ಪ್ರಶ್ನೆ ಬರೆದರು: ಬೆಳಿಗ್ಗೆ ಏಳಲು ಕಾರಣವೇನು? ಓದಿನ ಜೊತೆ ದುಡಿಮೆ ಇದೆಯೇ, ಯಾವ ಹೊತ್ತಿನಲ್ಲಿ? ಬೆಳಗಿನ ತಿಂಡಿ ಬಿಡುವುದು ಕೆಟ್ಟ ಅಭ್ಯಾಸವೆಂದು ಬೈಯುವ ಉಪನ್ಯಾಸಗಳು ಬೇಕಾದಷ್ಟಿವೆ. ಬಸ್ಸಿನ ವೇಳಾಪಟ್ಟಿ ಹಿಡಿದು ಕೇಳಿದವರು ಕಡಿಮೆ.

ಪರೀಕ್ಷೆಯ ಮಾತು ಕೊನೆಗೆ ಬಂತು. ನಿದ್ದೆಗೆಟ್ಟು ಓದಿದರೇ ಅಂಕ ಎಂಬ ನಂಬಿಕೆ ಮೂರೂ ತಾಲ್ಲೂಕುಗಳಲ್ಲಿ ಗಟ್ಟಿಯಾಗಿದೆ. ಅಮೆರಿಕದ ಎಂಐಟಿಯಲ್ಲಿ ರಸಾಯನಶಾಸ್ತ್ರದ ಒಂದು ತರಗತಿಯ 88 ವಿದ್ಯಾರ್ಥಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ಇಡೀ ಸೆಮಿಸ್ಟರ್ ನೋಡಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅಂಕಗಳಲ್ಲಿ ಒಬ್ಬರಿಂದೊಬ್ಬರಿಗೆ ಇದ್ದ ವ್ಯತ್ಯಾಸದ ಸುಮಾರು ಕಾಲು ಭಾಗ ನಿದ್ದೆಯ ಅವಧಿ, ಗುಣಮಟ್ಟ, ನಿಯಮಿತತೆಗೆ ಹೊಂದಿಕೊಂಡಿತ್ತು. ಪರೀಕ್ಷೆಯ ಹಿಂದಿನ ಒಂದೇ ರಾತ್ರಿ ಚೆನ್ನಾಗಿ ಮಲಗಿದ್ದಕ್ಕೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಅಂಕದ ಜೊತೆ ಹೊಂದಿದ್ದು ಹಿಂದಿನ ವಾರಗಳ, ಇಡೀ ತಿಂಗಳ ನಿದ್ದೆ.

“ಮೇ ತಿಂಗಳ ಪರೀಕ್ಷೆಗೆ ಈ ಸೆಖೆಯಲ್ಲಿ ನಿದ್ದೆ ಹೇಗೆ ಅಕ್ಕೋರೆ? ಫ್ಯಾನ್ ಹಾಕಿದ್ರೂ ಬೆವರು.”

“ನಿದ್ದೆಗೆ ಇಳಿಯೋವಾಗ ಮೈಯ ಒಳಗಿನ ಬಿಸಿ ಸ್ವಲ್ಪ ಕಡಿಮೆಯಾಗಬೇಕು. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರೋದಿಲ್ಲ, ಬಿಸಿ ಹೊರಗೆ ಹೋಗೋದಿಲ್ಲ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿದ್ರೆ ಚರ್ಮದ ರಕ್ತನಾಳ ಅಗಲವಾಗಿ ಒಳಗಿನ ಬಿಸಿ ಹೊರಬೀಳ್ತದೆ, ಹತ್ತು ನಿಮಿಷ ಬೇಗ ನಿದ್ದೆ ಬರ್ತದೆ ಅಂತ 2019ರಲ್ಲಿ ಟೆಕ್ಸಾಸ್‌ನವರು ಹತ್ತಾರು ಅಧ್ಯಯನ ಸೇರಿಸಿ ಹೇಳಿದ್ದಾರೆ. ಗದ್ದೆಯಿಂದ, ದೋಣಿಯಿಂದ ಬಂದವರು ಸಂಜೆ ಹಂಡೆ ನೀರು ಮೀಯೋದು ಇಲ್ಲಿ ಮೊದಲಿಂದ ಇದೆ. ಹಾಸ್ಟೆಲ್ಲಿನವರು ಬೆಳಿಗ್ಗೆ ಮಾತ್ರ ಮೀಯ್ತಾರೆ, ಅದೂ ಸರತಿಯಲ್ಲಿ ನಿಂತು.”

ಫಾರ್ಮ್ ಈಗ ಮೊದಲಿನಂತೆ ಉಳಿದಿರಲಿಲ್ಲ. ಪುಟದ ಎಡಬದಿಗೆ ಬೆಳಿಗ್ಗೆ ಐದರಿಂದ ರಾತ್ರಿ ಎರಡರವರೆಗೆ ಗಂಟೆಗಳ ಸಾಲು; ಎದುರಿಗೆ ತಿಂದದ್ದು, ಕುಡಿದದ್ದು, ಮಲಗಿದ್ದು ಬರೆಯಲು ಜಾಗ. ಹುಡುಗಿ ವರದಿ ಯಾರಿಗೆ ಕೊಡುವುದೆಂದು ಆಗಲೇ ಯೋಚಿಸುತ್ತಿದ್ದಳು. ವಾರ್ಡನ್‌ಗೆ ಕೊಟ್ಟು, ರಾತ್ರಿ ಊಟವನ್ನು ಒಂಬತ್ತಕ್ಕೆ ಮಾಡಿಸಿ ಎಂದು ಕೇಳಬಹುದಲ್ಲ?

“ಕೇಳಬಹುದು. ಅದಕ್ಕೆ ಮೊದಲು ಅಡುಗೆಯವರನ್ನ ಕೇಳಿ” ಎಂದರು ಅಕ್ಕೋರು. “ಊಟ ಏಳೂವರೆಗೆ ಯಾಕೆ?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅಡುಗೆ ಮಾಡೋ ಅಮ್ಮ ಕೊನೆಯ ಬಸ್ಸಿಗೆ ಊರಿಗೆ ಹೋಗಬೇಕು. ಬೆಳಿಗ್ಗೆ ಐದೂವರೆಗೆ ಮತ್ತೆ ಬರ್ತಾರೆ.”

“ಹಾಗಾದ್ರೆ ಊಟ ಒಂಬತ್ತಕ್ಕಾದ್ರೆ ನಿಮ್ಮ ನಿದ್ದೆ ಸರಿಯಾಗಿ ಅವರದ್ದು ಹೋಗ್ತದೆ.”

“ಊಟ ಅದೇ ಹೊತ್ತಿಗೆ ಇರಲಿ ಮೇಡಂ” ಎಂದ ಹುಡುಗ. “ಅವರು ಹೋಗುವಾಗ ಒಂದು ಪಾತ್ರೆ ಗಂಜಿ, ಮಜ್ಜಿಗೆ, ಉಪ್ಪಿನಕಾಯಿ ಹೊರಗಿಟ್ಟು ಹೋದ್ರೆ? ಹತ್ತು ಗಂಟೆಗೆ ಹಾಸ್ಟೆಲ್ಲಿನವರೇ ಬಡಿಸಿಕೊಂಡು ಪಾತ್ರೆ ತೊಳೆದಿಡಬಹುದು. ಅಕ್ಕಿಯ ಲೆಕ್ಕ ಎಷ್ಟಾಗ್ತದೆ ಅಂತ ಅವರನ್ನೇ ಕೇಳಿ ವರದಿಗೆ ಹಾಕ್ತೇವೆ.”

“ಸಂಜೆಯ ಚಾ ಬದಲು ಕಷಾಯದ್ದೂ ಕೇಳಿ” ಎಂದು ಅಕ್ಕೋರು ಹೇಳಿದರು. ಹುಡುಗಿ ಫಾರ್ಮಿನ ಕೊನೆಯ ಹಾಳೆ ತಿರುಗಿಸಿ, ‘ಅಡುಗೆ ಸಿಬ್ಬಂದಿಗೆ’ ಎಂದು ಮೇಲೆ ಬರೆದು ಕೆಳಗೆ ಮೊದಲ ಪ್ರಶ್ನೆ ಬರೆಯತೊಡಗಿದಳು: ನೀವು ಎಷ್ಟು ಗಂಟೆಗೆ ಮಲಗುತ್ತೀರಿ?